ಕಲ್ಲುಗುಹೆಯ ಬಾವಲಿ

ಓದತಕ್ಕ ವೇದಭಾಗಗಳು: ಯೋಬನ ಗ್ರಂಥ 28ನೆಯ ಅಧ್ಯಾಯ, ಆದಿಕಾಂಡ 7:1-9, ಯಾಜಕಕಾಂಡ 11:13-19, ಧರ್ಮೋಪದೇಶಕಾಂಡ 22:6, 7, ಲೂಕ 12:6.

ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ಬೇರೆ ಸೀಮೆಯ ಸಭೆಗಳಲ್ಲಿ ಓದಿದರೆ ಉಪದೇಶಿಯು ಬಹಳ ಹೊತ್ತು ವಿವರಿಸಬೇಕಾಗುವದು. ಊರಿಗಾಂ, ಮಾರಿಕುಪ್ಪ, ಬಂಗಾರಪೇಟೆ ಈ ಕಡೆಯವರಾದ ನಮಗೆ ಅಂಥ ವಿವರಣೆ ಬೇಕಾಗಿಲ್ಲ. ಜನರು ವಾಸಿಸುವ ಸ್ಥಳದಿಂದ ಕೆಳಗೆ ನೆಲವನ್ನು ಕೊರೆದು, ತೂಗಾಡುತ್ತಾ ಇಳಿದು, ಕತ್ತಲೆಯಲ್ಲಿ ಬಂಡೆಯನ್ನೊಡೆದು ಬಂಗಾರವನ್ನು ತರುವದೆಂದರೇನೆಂಬದು ನಮ್ಮ ತಂದೆಗಳಿಗೂ ತಾತಂದಿರಿಗೂ ದಿನದಿನದ ಸಂಗತಿಯಾಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದು ಕೆಲಸವನ್ನಾರಂಭಿಸಿದಂದಿನಿಂದ 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿಹೋಗುವ ತನಕ ಮನುಷ್ಯನು ಇಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದನು. ಆ ದಾರಿಯನ್ನು ಹದ್ದಿನ ಕಣ್ಣು ಸಹ ಕಂಡಿಲ್ಲವೆಂದು ಯೋಬನ ಗ್ರಂಥವು ಹೇಳುತ್ತದೆ; ಆಮೇಲೆ, ಇಷ್ಟೆಲ್ಲಾ ಕಂಡುಹಿಡಿದ ಮನುಷ್ಯನಿಗೆ ಜ್ಞಾನವು ಎಲ್ಲಿ ಸಿಕ್ಕೀತೆಂದು ಕೇಳುತ್ತದೆ. ಆ ಪ್ರಶ್ನೆಯು ನಮ್ಮ ಜಿಲ್ಲೆಯಲ್ಲಿ ಕೇಳಲ್ಪಟ್ಟ ಒಂದು ವಿಧವನ್ನು ಈ ಪಾಠದಲ್ಲಿ ನೋಡುವೆವು. ಯಾಕಂದರೆ ಮೂರು ಕಿಲೋಮೀಟರಿನ ಆಳದಲ್ಲಿ ಕೂದಲೆಳೆಯಷ್ಟು ಬಂಗಾರವಿದ್ದರೂ ಬಿಡದೆ ಕಂಡವರು, ಅದೇ ಜಿಲ್ಲೆಯ ಮೇಲ್ನೆಲದಲ್ಲಿ, ಒಂದು ಕಲ್ಲುಗುಹೆಯ ಮಾಳಿಗೆಗೆ ತೂಗಿಕೊಂಡಿದ್ದ ಒಂದು ಜೀವವನ್ನು ನೂರು ವರುಷಕ್ಕಿಂತ ಹೆಚ್ಚು ಕಾಲ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಆ ಜೀವವು ಒಂದು ಚಿಕ್ಕ ಬಾವಲಿ. ಆಲದ ಮರಕ್ಕೆ ಗುಂಪುಗುಂಪಾಗಿ ಜೋತುಬಿದ್ದು ಹಣ್ಣು ತಿನ್ನುವ ದೊಡ್ಡ ಬಾವಲಿಯಲ್ಲ, ಮುಷ್ಟಿಯೊಳಗೆ ಅಡಗುವಷ್ಟರದು, ಹುಳಹುಪ್ಪಟೆಗಳನ್ನೇ ತಿಂದು ಬದುಕತಕ್ಕದ್ದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಎಚ್. ಆರ್. ಭಟ್ ಎಂಬವರೂ ಜರ್ಮನಿಯ ಡೀಟರ್ ಕಾಕ್ ಎಂಬವರೂ ಇದನ್ನು ಪರೀಕ್ಷಿಸಿ, ಲೋಕದಲ್ಲಿ ಈ ವರೆಗೆ ಯಾರೂ ಹೆಸರಿಡದ ಜಾತಿಯೆಂದು 1994ರಲ್ಲಿ ಪ್ರಕಟಿಸಿದರು. ಈಗ ಇದನ್ನು ಕೋಲಾರದ ಎಲೆಮೂಗಿನ ಬಾವಲಿ ಎನ್ನುತ್ತಾರೆ. ಅವರು ಇದನ್ನು ಕಂಡ ಸ್ಥಳಗಳು ಎರಡೇ: ತೇರಹಳ್ಳಿ ಬೆಟ್ಟದ ಗುಹೆ, ಮತ್ತು ಹನುಮನಹಳ್ಳಿಯ ಗುಹೆ. ಎರಡೂ ನಮ್ಮ ಕೋಲಾರ ಜಿಲ್ಲೆಯವೇ. ಲೋಕದ ಬೇರೆ ಯಾವ ದೇಶದಲ್ಲಿಯೂ, ನಮ್ಮ ದೇಶದ ಬೇರೆ ಯಾವ ಸೀಮೆಯಲ್ಲಿಯೂ ಇದು ಸಿಕ್ಕಿದ್ದಿಲ್ಲ.

ಮುಂದೆ ಈ ಶತಮಾನದಲ್ಲಿ ಬಾವಲಿಗಳನ್ನು ಕುರಿತು ಆಸಕ್ತಿಯುಳ್ಳ ಪಂಡಿತರೂ ಸ್ವಯಂಸೇವಕರೂ ಹುಡುಕಿಕೊಂಡು ಬಂದಾಗ ತೇರಹಳ್ಳಿಯ ಗುಹೆಯಲ್ಲಿ ಅದು ಇರಲಿಲ್ಲ. ಹನುಮನಹಳ್ಳಿಯಲ್ಲಿ ಇತ್ತು, ಎಣಿಸಿದರೆ ಇನ್ನೂರರ ಒಳಗೆ. ಗುಹೆಯ ಆಸುಪಾಸಿನಲ್ಲಿಯೋ, ಜಲ್ಲಿಗೂ ಚಪ್ಪಡಿಗೂ ಬಂಡೆಗಳನ್ನು ಒಡೆಯುತ್ತಿದ್ದರು. ಆ ಒಂದು ಗುಹೆಯನ್ನು ಕುರಿತ ಇನ್ನೊಂದು ಆಶ್ಚರ್ಯವನ್ನೂ ಹೇಳಬೇಕು. ಅದುವರೆಗೆ ಮಧ್ಯಪ್ರದೇಶದ ಜಬಲ್ಪುರದ ಕಡೆಯಲ್ಲಿ ಮಾತ್ರವೇ ಉಂಟೆಂದು ತಿಳಿದಿದ್ದ ದುರ್ಗಾದಾಸರ ಎಲೆಮೂಗಿನ ಬಾವಲಿ ಎಂಬ ಬೇರೆ ಅಪರೂಪದ ಜಾತಿಯು ಕೂಡಾ ನಮ್ಮ ಕೋಲಾರದ ಕಲ್ಲುಗುಡ್ಡಗಳಲ್ಲಿ ಸಿಕ್ಕಿತು. 2016ರಲ್ಲಿ ಲೋಕದ ಪ್ರಕೃತಿ ಸಂರಕ್ಷಣಾ ಸಂಘದವರು ಕೋಲಾರದ ಬಾವಲಿಯನ್ನು ಅತ್ಯಂತ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿ ಬರೆದರು. ಆ ಪಟ್ಟಿಯ ಮುಂದಿನ ಮೆಟ್ಟಲು ಕಾಡಿನಲ್ಲಿ ಇಲ್ಲದೆಹೋದವುಗಳದು.

ಇನ್ನೂರು ಬಾವಲಿಗಳು ಇನ್ನೊಂದು ಗುಹೆಗೆ ಹಾರಿಹೋಗಬಾರದೋ ಎಂದು ಕೆಲವರು ಕೇಳಾರು. ಬಾವಲಿಯ ಜೀವನಕ್ರಮವನ್ನು ತಿಳಿದರೆ ಹಾಗೆ ಕೇಳುವದಿಲ್ಲ. ಎಲೆಮೂಗಿನ ಬಾವಲಿಯು ತನ್ನ ಮೂಗಿನಿಂದ ಬಹು ಸೂಕ್ಷ್ಮವಾದ ಕೂಗನ್ನು ಹೊರಡಿಸುತ್ತದೆ. ಮೂಗಿನ ಮೇಲಿರುವ ಎಲೆಯಂಥ ತೊಗಲು ಆ ಕೂಗನ್ನು ಮುಂದಕ್ಕೆ ನೆಟ್ಟಗೆ ಕಳುಹಿಸುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20 ಸಾವಿರ ಕಂಪನಗಳಿಗಿಂತ ಮೇಲಿನ ಧ್ವನಿಯು ಕೇಳಿಸದು. ಇದರ ಕೂಗು ಅದಕ್ಕಿಂತ ಎಷ್ಟೋ ಮೇಲಿನದು. ಹೀಗೆ ನಮಗೆ ಮೌನವಾಗಿ ತೋರುವ ಕತ್ತಲೆಯಲ್ಲಿ ಅದು ಕೂಗಿ, ಮಾರುಲಿಯನ್ನು ಕೇಳಿ, ಹಾರುವ ಹುಳವನ್ನು ಹಿಡಿಯುತ್ತದೆ. ಆದರೆ ಹಗಲನ್ನು ಕಳೆಯುವದಕ್ಕೆ ಅದಕ್ಕೆ ತಕ್ಕ ಬೆಚ್ಚಗೆ, ತಕ್ಕ ತೇವ, ಗಾಳಿಯ ಹೊಡೆತವಿಲ್ಲದ ಕತ್ತಲೆ ಇವು ಕೂಡಿದ ಬಿರುಕು ಬೇಕು. ಎಲ್ಲಾ ಕಲ್ಲುಸಂದುಗಳೂ ಹಾಗಿರುವದಿಲ್ಲ. ಇದಲ್ಲದೆ, ಇಲಿಯು ವರುಷದಲ್ಲಿ ಹಲವು ಸಾರಿ ಈದು ಮನೆಯನ್ನೇ ತುಂಬಿಸುವದು. ಇಂಥ ಬಾವಲಿಯ ತಾಯಿಯು ವರುಷಕ್ಕೆ ಸಾಮಾನ್ಯವಾಗಿ ಒಂದೇ ಮರಿಯನ್ನು ಹೆತ್ತು, ಅದನ್ನು ಎದೆಗೆ ಅವಚಿಕೊಂಡು ಹಾಲೂಡಿಸುತ್ತದೆ. ಒಂದು ಸಾರಿ ಮದ್ದು ಸಿಡಿಸಿ ಬಂಡೆಯನ್ನು ಕೆಡವಿದರೆ, ಅಥವಾ ಹುಡುಗರು ಗುಹೆಯೊಳಗೆ ಒಣಹುಲ್ಲನ್ನು ಉರಿಸಿ ಹೊಗೆಹಾಕಿದರೆ, ಆ ನಷ್ಟವು ಹತ್ತು ವರುಷಕ್ಕೂ ತುಂಬದು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಸಭೆಗಳಲ್ಲಿ ಹುಟ್ಟುವ ಎರಡು ಆಕ್ಷೇಪಣೆಗಳಿಗೆ ಬರೋಣ.

ಮೊದಲನೆಯದು: ಬಾವಲಿಯು ಅಶುದ್ಧವೆಂದು ಮೋಶೆಯ ಧರ್ಮಶಾಸ್ತ್ರದಲ್ಲಿಯೇ ಬರೆದಿರುವಾಗ ಅದಕ್ಕೋಸ್ಕರ ಚಿಂತಿಸುವದೇಕೆ? ಯಾಜಕಕಾಂಡದಲ್ಲಿ ತಿನ್ನಬಾರದ ಹಕ್ಕಿಗಳ ಪಟ್ಟಿಯ ಕೊನೆಯಲ್ಲಿ ಬಾವಲಿಯ ಹೆಸರು ಇರುವದು ನಿಜವೇ. ಆದರೆ ಆ ಪಟ್ಟಿಯು ಊಟದ ತಟ್ಟೆಗೆ ಸಂಬಂಧಪಟ್ಟದ್ದು, ಕೊಲ್ಲತಕ್ಕವುಗಳ ಪಟ್ಟಿಯಲ್ಲ. ತಿನ್ನಬೇಡವೆಂದು ಹೇಳಿದ್ದನ್ನು ಹೊಡೆದುಹಾಕೆಂದು ಓದುವದು ವೇದವನ್ನು ತಿರುಚುವದೇ ಸರಿ. ನೋಹನಿಗೆ ಕೊಟ್ಟ ಆಜ್ಞೆಯನ್ನು ನೋಡಿರಿ. ಶುದ್ಧಪಶುಗಳೊಂದಿಗೆ ಅಶುದ್ಧವಾದವುಗಳನ್ನೂ ಗಂಡುಹೆಣ್ಣಾಗಿ ಒಳಗೆ ಸೇರಿಸಿಕೊಳ್ಳಬೇಕೆಂದು ದೇವರು ಸ್ಪಷ್ಟವಾಗಿ ಹೇಳಿದನು. ಬಾವಲಿಗೆ ನಾವೆಯಲ್ಲಿ ಸ್ಥಳವಿತ್ತು. ಮನುಷ್ಯರ ಕಾನೂನು ಇಲ್ಲಿ ಹಿಂದೆ ಬಿದ್ದಿತು. ನಮ್ಮ ದೇಶದ 1972ರ ವನ್ಯಜೀವಿ ಕಾನೂನಿನಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ ಕಾಗೆಗಳ ಜೊತೆ ಪೀಡೆಯ ಪ್ರಾಣಿಗಳೆಂದು ಬರೆದಿದ್ದರು. ಆ ಪಟ್ಟಿಯನ್ನು ತೆಗೆದುಹಾಕಿದ್ದು 2022ರ ತಿದ್ದುಪಡಿಯಿಂದ.

ಅಶುದ್ಧವೆಂಬ ಮಾತಿಗೆ ಎಷ್ಟು ಭಾರವಿದೆಯೆಂದು ನಮ್ಮ ಹಿರಿಯರನ್ನು ಕೇಳಿದರೆ ಹೇಳುವರು. ಕೇರಿಯ ಹೊರಗೆ ನಿಲ್ಲಿಸಲ್ಪಟ್ಟವರಿಗೆ ಆ ಮಾತಿನ ಅರ್ಥವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ತೆಲುಗು ಬಲ್ಲ ನಮ್ಮವರು ಗುರ್ರಂ ಜಾಷುವಾ ಕವಿಯ ಹೆಸರನ್ನು ಕೇಳಿರುವರು. ಕ್ರೈಸ್ತ ಮನೆಯಲ್ಲಿ ಹುಟ್ಟಿ, ಮುಟ್ಟಬಾರದವನೆಂದು ಅವಮಾನಪಟ್ಟ ಅವರು 1941ರಲ್ಲಿ ಬರೆದ ಕಾವ್ಯಕ್ಕೆ ಗಬ್ಬಿಲಂ, ಅಂದರೆ ಬಾವಲಿ, ಎಂದೇ ಹೆಸರು. ಅದರಲ್ಲಿ ಒಬ್ಬ ದರಿದ್ರನು ತನ್ನ ದುಃಖವನ್ನು ಬಾವಲಿಯ ಮೂಲಕ ಹೇಳಿಕಳುಹಿಸುತ್ತಾನೆ. ಅವನಿಗೆ ಮುಚ್ಚಿದ ಗುಡಿಯೊಳಗೆ ಬಾವಲಿಗೆ ತಡೆಯಿಲ್ಲ. ಊರೆಲ್ಲಾ ಅಪಶಕುನವೆಂದು ಓಡಿಸುವ ಜೀವವೇ ಅವನ ಮಾತನ್ನು ಕೇಳುವದಕ್ಕೆ ಸಿಕ್ಕಿತು. ಪೇತ್ರನಿಗೆ ಯೊಪ್ಪದ ಮಾಳಿಗೆಯ ಮೇಲೆ ಆದ ದರ್ಶನವನ್ನು ನಾವು ಮನುಷ್ಯರ ವಿಷಯದಲ್ಲಿ ತಿಳಿದುಕೊಳ್ಳುತ್ತೇವೆ, ಅದು ಸರಿಯೇ. ಆದರೂ ದೇವರು ಅವನಿಗೆ ತೋರಿಸಿದ್ದು ಜೋಳಿಗೆಯಂಥ ದುಪ್ಪಟಿಯಲ್ಲಿದ್ದ ಪ್ರಾಣಿಗಳನ್ನೇ ಎಂಬದನ್ನು ಮರೆಯಬಾರದು.

ಎರಡನೆಯ ಆಕ್ಷೇಪಣೆಯು ಕಠಿಣವಾದದ್ದು. ಗಣಿಗಳು ಮುಚ್ಚಿದ ಮೇಲೆ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರು ನಮ್ಮಲ್ಲಿ ಎಷ್ಟೋ ಮಂದಿ. ಹೊಲವಿಲ್ಲದ ಹಳ್ಳಿಯವರಿಗೆ ಕಲ್ಲು ಒಡೆಯುವದೇ ಅನ್ನ. ಬಾವಲಿಗೋಸ್ಕರ ಬಂಡೆಯನ್ನು ಮುಟ್ಟಬೇಡವೆಂದರೆ ಅವರ ಮಕ್ಕಳು ಏನು ತಿನ್ನಬೇಕು? ಇದನ್ನು ಕೇಳುವವನನ್ನು ಅಪನಂಬಿಗಸ್ತನೆಂದು ಗದರಿಸುವ ಬೋಧಕನು ಒಂದು ದಿವಸ ಸುತ್ತಿಗೆ ಹಿಡಿದು ನೋಡಲಿ. ಧರ್ಮೋಪದೇಶಕಾಂಡದ ಹಕ್ಕಿಗೂಡಿನ ಆಜ್ಞೆಯಾದರೋ ಈ ಕಷ್ಟವನ್ನು ಅರಿತು ಕೊಟ್ಟದ್ದಾಗಿದೆ. ಹಸಿದವನು ಗೂಡಿನ ಮೊಟ್ಟೆಯನ್ನಾಗಲಿ ಮರಿಯನ್ನಾಗಲಿ ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು. ಅಲ್ಲಿ ಆಹಾರಕ್ಕೆ ಅಪ್ಪಣೆಯೂ ಉಂಟು, ಮೇರೆಯೂ ಉಂಟು. ಹನುಮನಹಳ್ಳಿಯಲ್ಲಿ ಸರಕಾರದವರು ಕಲ್ಲು ಒಡೆಯುವದನ್ನು ನಿಲ್ಲಿಸಿ, ಗುಹೆಗಳ ಸುತ್ತಲೂ ಕಾಪಾಡುವದಕ್ಕೆ ಗೊತ್ತುಮಾಡಿದ ನೆಲವು ಸುಮಾರು 30 ಎಕರೆ. ಕಲ್ಲುಬಂಡೆಗಳೇ ತುಂಬಿದ ಕೋಲಾರ ಜಿಲ್ಲೆಯಲ್ಲಿ 30 ಎಕರೆಯೆಂದರೆ ಒಂದು ದೊಡ್ಡ ಕೆರೆಯ ಅಂಗಳಕ್ಕೂ ಸಾಲದು. ಆ ಮೂವತ್ತು ಎಕರೆಯೊಳಗೆ ಕೂಲಿಯನ್ನು ಕಳಕೊಂಡವರಿಗೆ ಬೇರೆ ಕೆಲಸ ಕೊಡಬೇಕಾದದ್ದು ನ್ಯಾಯ. ಅದನ್ನು ಕೇಳುವದರಲ್ಲಿ ಸಭೆಗಳು ಹಿಂಜರಿಯಬಾರದು.

ಎಲ್ಲಾ ಪ್ರಾಣಿಗಳ ಸಂಗತಿಯೂ ಇಷ್ಟು ಹಗುರವಲ್ಲವೆಂಬದನ್ನು ಕಾಮಸಮುದ್ರದ ಕಡೆಯ ಸಹೋದರರು ಬಲ್ಲರು. ರಾಗಿಯ ಹೊಲಕ್ಕೆ ಇಳಿಯುವ ಆನೆಗಳ ವಿಷಯವಾಗಿ ಇನ್ನೊಂದು ಪಾಠವೇ ಬೇಕು. ಈ ಬಾವಲಿಯು ಯಾರ ಹೊಲವನ್ನೂ ತುಳಿಯದು, ಯಾರ ಹಣ್ಣನ್ನೂ ಮುಟ್ಟದು. ರಾತ್ರಿಯ ಹುಳಗಳನ್ನು ತಿಂದು ಬೆಳಗಾಗುವಷ್ಟರಲ್ಲಿ ಗುಹೆಗೆ ಹಿಂತಿರುಗುವದು.

ಕಳೆದುಹೋದದ್ದನ್ನು ಕಂಡುಹಿಡಿಯುವ ಕೆಲಸವು ಪಟ್ಟಣದ ಪಂಡಿತರದು, ಹಳ್ಳಿಯವರದಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ನೆರೆಯ ಆಂಧ್ರದ ಕಡಪ ಜಿಲ್ಲೆಯಲ್ಲಿ ನಡೆದದ್ದನ್ನು ಕೇಳಿರಿ. ಕಲಿವಿಕೋಡಿ ಎಂದು ಅಲ್ಲಿಯ ಜನರು ಕರೆಯುವ, ನೆಲದ ಮೇಲೆ ಓಡಾಡುವ ಒಂದು ಹಕ್ಕಿಯನ್ನು ಜೆರ್ಡನ್ ಎಂಬ ವೈದ್ಯರು 1848ರ ಹೊತ್ತಿಗೆ ಕಂಡು ತಿಳಿಸಿದ್ದರು. 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕಡೆ; ಆಮೇಲೆ ಎಂಭತ್ತೈದು ವರುಷ ಯಾವ ಪಂಡಿತನಿಗೂ ಸಿಕ್ಕದೆ, ಅಳಿದುಹೋಯಿತೆಂದೇ ಎಣಿಸಲ್ಪಟ್ಟಿತು. ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘದವರು ಹಳ್ಳಿಗಳಲ್ಲಿ ವಿಚಾರಿಸತೊಡಗಿದ ಮೇಲೆ, 1986ರ ಜನವರಿಯಲ್ಲಿ ಲಂಕಮಲೆಯ ಕುರುಚಲು ಕಾಡಿನಲ್ಲಿ ಹಳ್ಳಿಯ ಬೇಟೆಗಾರನೊಬ್ಬನು ರಾತ್ರಿ ವೇಳೆ ದೀಪದ ಬೆಳಕಿನಲ್ಲಿ ಅದನ್ನು ಕೈಯಲ್ಲೇ ಹಿಡಿದು ತಂದನು. ಪಂಡಿತರು ಹಗಲಿನಲ್ಲಿ ಹುಡುಕುತ್ತಿದ್ದರು. ಹಕ್ಕಿಯು ರಾತ್ರಿ ತಿರುಗುವದಾಗಿತ್ತು. ಹಳ್ಳಿಯವರಿಗೆ ಗೊತ್ತಿತ್ತು, ಆದರೆ ಅವರನ್ನು ಕೇಳಿದವರು ಇರಲಿಲ್ಲ. ಆ ಹಕ್ಕಿಯ ನಿಮಿತ್ತ ಅಲ್ಲಿ ಅಭಯಾರಣ್ಯವೂ ಏರ್ಪಟ್ಟಿತು, ಒಂದು ಕಾಲುವೆಯ ದಾರಿಯೂ ಬದಲಾಯಿತು. ಎರಡು ಕಾಸಿಗೆ ಐದು ಮಾರಲ್ಪಡುವ ಗುಬ್ಬಿಗಳಲ್ಲಿ ಒಂದಾದರೂ ತಂದೆಗೆ ಮರೆತಿಲ್ಲವೆಂದು ಕರ್ತನು ಹೇಳಿದ ಮಾತು, ಹಕ್ಕಿ ಮಾರುವ ಸಂತೆಯ ಲೆಕ್ಕವನ್ನು ಬಲ್ಲ ಇಂಥ ಬಡವರ ಎದುರಿನಲ್ಲಿಯೇ ಹೇಳಿದ್ದಲ್ಲವೇ.

ಆದಕಾರಣ ಕುರಿ ದನಗಳನ್ನು ಕಾಯುವ ನಮ್ಮ ಸಹೋದರ ಸಹೋದರಿಯರಲ್ಲಿ ಒಂದು ಬೇಡಿಕೆ. ಬೇತಮಂಗಲ, ಬೂದಿಕೋಟೆ, ಕಾಮಸಮುದ್ರದ ಕಡೆಯ ಗುಡ್ಡಗಳಲ್ಲಿ ಯಾವ ಯಾವ ಕಲ್ಲುಗುಹೆಯಲ್ಲಿ ಚಿಕ್ಕ ಬಾವಲಿಗಳು ಉಂಟೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹನುಮನಹಳ್ಳಿಯ ಜಾತಿಯು ಇನ್ನೆಲ್ಲಿಯಾದರೂ ಉಳಿದಿದ್ದರೆ ಅದು ಮೊದಲು ಕಾಣುವದು ನಿಮ್ಮ ಕಣ್ಣಿಗೇ. ಗುಹೆಯೊಳಗೆ ಹೋಗಬೇಡಿರಿ, ಬೆಂಕಿ ಹಾಕಬೇಡಿರಿ, ಬಾವಲಿಯನ್ನು ಬರಿಗೈಯಿಂದ ಮುಟ್ಟಬೇಡಿರಿ, ಅದು ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಳೆಯ ಗಣಿಯ ಬಾವಿಗಳ ಹತ್ತಿರಕ್ಕಂತೂ ಮಕ್ಕಳನ್ನು ಬಿಡಬಾರದು. ಸೂರ್ಯನು ಮುಳುಗುವ ಹೊತ್ತಿಗೆ ಗುಹೆಯ ಬಾಯಿಗೆ ದೂರವಾಗಿ, ದೀಪವಿಲ್ಲದೆ, ಮಾತಿಲ್ಲದೆ ಕುಳಿತು, ಆಕಾಶದ ಬೆಳಕಿಗೆ ಎದುರಾಗಿ ಹೊರಬರುವವುಗಳನ್ನು ಎಣಿಸಿರಿ. ಶಾಲೆಗೆ ಹೋಗುವ ಹುಡುಗನನ್ನೋ ಹುಡುಗಿಯನ್ನೋ ಪಕ್ಕಕ್ಕೆ ಕೂರಿಸಿಕೊಂಡು ತಿಂಗಳು, ತಾರೀಖು, ಗುಡ್ಡದ ಹೆಸರು, ಎಣಿಕೆ ಇಷ್ಟನ್ನು ಬರೆಯಿಸಿ, ಅರಣ್ಯ ಇಲಾಖೆಯವರಿಗೆ ಮುಟ್ಟಿಸಿರಿ. ಇನ್ನೂರರ ವರೆಗೆ ತಪ್ಪದೆ ಎಣಿಸಬಲ್ಲವನು ಈ ಕೆಲಸಕ್ಕೆ ಸಾಕು.