ತುತ್ತು ನುಂಗುವ ವಿದ್ಯೆ

ತುತ್ತನ್ನು ನುಂಗುವುದು ನಮಗೆ ಎಷ್ಟು ಸಹಜವೆಂದರೆ, ಅದೂ ಕಲಿತು ಬಂದ ವಿದ್ಯೆಯೆಂಬುದು ಮರೆತೇ ಹೋಗಿದೆ. ಡೌನ್ ಸಿಂಡ್ರೋಮ್ ಉಳ್ಳ ಶಿಶು ಇದನ್ನು ಕಲಿಯುವ ಬಗೆಯನ್ನು ಗಮನಿಸಿದರೆ ಇದರ ಕಷ್ಟವು ಮನವರಿಕೆಯಾಗುತ್ತದೆ.

ಈ ಸ್ಥಿತಿಯನ್ನು 1866ರಲ್ಲಿ ವರ್ಣಿಸಿದವನು ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್. ಕಾರಣವು ತಿಳಿದದ್ದು 1959ರಲ್ಲಿ: ಜೀವಕೋಶದಲ್ಲಿ 46ಕ್ಕೆ ಬದಲು 47 ವರ್ಣತಂತುಗಳು, 21ನೆಯದು ಎರಡಲ್ಲ, ಮೂರು. ಇದರ ಪರಿಣಾಮವಾಗಿ ಸ್ನಾಯುಗಳ ಬಿಗಿ ಕಡಮೆ. ಕತ್ತು ನಿಲ್ಲುವುದು ತಡ. ಬಾಯಿಯ ಗೂಡು ಕಿರಿದಾದುದರಿಂದ ನಾಲಗೆ ಮುಂದಕ್ಕೆ ಚಾಚಿಕೊಳ್ಳುತ್ತದೆ.

ಯಾವ ಶಿಶುವೇ ಆಗಲಿ, ಮೊದಲ ತಿಂಗಳುಗಳಲ್ಲಿ ಬಾಯಿಗೆ ಬಂದ ಗಟ್ಟಿ ವಸ್ತುವನ್ನು ನಾಲಗೆಯಿಂದ ಹೊರದೂಡುತ್ತದೆ. ಇದು ಪ್ರಕೃತಿಯು ಇಟ್ಟ ಕಾವಲು. ಡೌನ್ ಶಿಶುವಿನಲ್ಲಿ ಈ ಕಾವಲು ಹೆಚ್ಚು ಕಾಲ ಉಳಿಯುವುದುಂಟು. ಉಣಿಸಿದ ಗಂಜಿ ತುಟಿಯಂಚಿನಲ್ಲಿ ಇಳಿದುಬಂದರೆ ಮಗುವಿಗೆ ರುಚಿಸಲಿಲ್ಲವೆಂದು ಮನೆಯವರು ಚಮಚವನ್ನು ಕೆಳಗಿಡುತ್ತಾರೆ. ಅದು ಹೆಚ್ಚಾಗಿ ಅರುಚಿಯಲ್ಲ, ನಾಲಗೆಯ ಚಲನೆ ಮಾತ್ರ. ಹಳ್ಳ ಕಡಮೆಯಿರುವ ಚಮಚವನ್ನು ನಾಲಗೆಯ ನಡುವೆ ಇರಿಸಿ, ಮೆಲ್ಲಗೆ ಕೆಳಕ್ಕೆ ಒತ್ತಿ, ಮೇಲ್ದುಟಿ ತಾನಾಗಿ ಇಳಿಯುವ ತನಕ ಕಾಯಬೇಕು. ಆಹಾರವನ್ನು ಮೇಲ್ದುಟಿಗೆ ಒರಸಿ ಸುರಿದುಬಿಟ್ಟರೆ ತುಟಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ಸ್ನಾಯು ಬಲಿಯುವುದೆಂತು?

ಆರಂಭ ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯು ಶಿಶುಗಳಿಗೆ ಹೇಳುವುದು 6 ತಿಂಗಳು. ಆ ವೇಳೆಗೆ ಹುಟ್ಟಿನಿಂದ ಬಂದ ಕಬ್ಬಿಣಾಂಶದ ಸಂಗ್ರಹ ಕರಗುತ್ತ ಬಂದಿರುತ್ತದೆ. ಇಲ್ಲಿ ತಿಂಗಳಿನ ಎಣಿಕೆಯೊಡನೆ ಕತ್ತಿನ ಸ್ಥಿರತೆಯನ್ನೂ ನೋಡಬೇಕು. ತಾನೇ ಕುಳಿತುಕೊಳ್ಳಲೆಂದು ಕಾಯಬೇಕಿಲ್ಲ. ಬೆನ್ನಿಗೂ ಪಕ್ಕಗಳಿಗೂ ಆಸರೆಯಿತ್ತು ನೆಟ್ಟಗೆ ಕೂರಿಸಿದರಾಯಿತು. ಹಲ್ಲಿಗಾಗಿ ಕಾಯುವುದಂತೂ ವ್ಯರ್ಥ. ಇವರಿಗೆ ಹಲ್ಲು ಮೂಡುವುದೇ ತಡ.

ನಮ್ಮ ಕಡೆಯ ರಾಗಿ ಸರಿಯ ವಿಚಾರ ಸ್ವಾರಸ್ಯವಾದುದು. ರಾಗಿ ಮೊಳೆತಾಗ ಅಮೈಲೇಸ್ ಎಂಬ ಕಿಣ್ವವು ಹುಟ್ಟಿ, ಹಿಟ್ಟನ್ನು ಬೇಯಿಸುವಾಗ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಾಗುವುದಿಲ್ಲ. ಕೆಲವೇ ಚಮಚಗಳಲ್ಲಿ ಹೆಚ್ಚು ಪುಷ್ಟಿ. ಡೌನ್ ಶಿಶುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯದ ದೋಷವಿರುತ್ತದೆ. ಅಂಥವು ಉಣ್ಣುತ್ತಲೇ ದಣಿಯುತ್ತವೆ. ಅವಕ್ಕೆ ಇದು ಉಪಕಾರಿ. ಆದರೆ ತೆಳುವಾದುದು ಗಂಟಲಿಗೆ ಬೇಗ ಹರಿಯುತ್ತದೆಂಬುದನ್ನೂ ಮರೆಯಲಾಗದು. ಹದವು ಮಗುವನ್ನು ನೋಡಿ ಗೊತ್ತಾಗತಕ್ಕದ್ದು. ನುಣ್ಣನೆಯದರಲ್ಲೇ ವರ್ಷಗಟ್ಟಲೆ ನಿಲ್ಲುವುದೂ ಸರಿಯಲ್ಲ. ಮಸೆದದ್ದು, ಬಳಿಕ ಮೆತ್ತನೆಯ ತುಣುಕು ಎಂದು ಮುಂದುವರಿಯಬೇಕು.

ಆಹಾರ ಶ್ವಾಸನಾಳಕ್ಕೆ ಜಾರಿದರೆ ನಾವು ಕೆಮ್ಮುತ್ತೇವೆ. ಈ ಶಿಶುಗಳಲ್ಲಿ ಕೆಲವು ಕೆಮ್ಮುವುದೇ ಇಲ್ಲ. ಉಂಡ ಬಳಿಕ ಗೊರಗೊರ ಉಸಿರು, ಒದ್ದೆಯಾದ ದನಿ, ಮರುಕಳಿಸುವ ನ್ಯುಮೋನಿಯ—ಇವೇ ಅಲ್ಲಿನ ಸುಳಿವು. ಆಗ ವೈದ್ಯರು ನುಂಗುವಿಕೆಯನ್ನು ಚಲಿಸುವ ಎಕ್ಸ್‌ರೇ ಚಿತ್ರದಲ್ಲಿ ನೋಡಿ, ಯಾವ ಹದದ ತುತ್ತು ಎತ್ತ ಸಾಗುತ್ತದೆಂದು ಕಂಡುಕೊಳ್ಳುತ್ತಾರೆ.