ಚಲಚ್ಚಿತ್ರಗಳಲ್ಲಿ ಕೃತಕ ಬುದ್ಧಿಮತ್ತೆ

ತಾನು ಕೊಟ್ಟ ಶಕ್ತಿಗೆ ತಾನೇ ಹೆದರಿ ಓಡುವ ಕಥೆ ನಮಗೆ ಹೊಸತಲ್ಲ. ಭಸ್ಮಾಸುರನಿಗೆ ವರವಿತ್ತ ಶಿವನೇ ಓಡಬೇಕಾಯಿತು. ಕೃತಕ ಬುದ್ಧಿಮತ್ತೆಯನ್ನು ಕುರಿತ ಚಲಚ್ಚಿತ್ರಗಳಲ್ಲಿಯೂ ಬಹುಮಟ್ಟಿಗೆ ಇದೇ ಕಥೆ: ಯಂತ್ರವು ಬುದ್ಧಿಯನ್ನು ಪಡೆದು ಒಡೆಯನ ಮೇಲೆಯೇ ತಿರುಗಿಬೀಳುತ್ತದೆ. ಆದರೆ ಮೂರು ಪ್ರಸಿದ್ಧ ಚಿತ್ರಗಳನ್ನು ಸಾವಧಾನದಿಂದ ನೋಡಿದರೆ, ತಪ್ಪೆಲ್ಲ ಯಂತ್ರದ್ದೇ ಎಂಬ ಮಾತು ನಿಲ್ಲುವುದಿಲ್ಲ.

ಮೊದಲನೆಯದು ಫ್ರಿಟ್ಸ್ ಲಾಂಗ್ ಜರ್ಮನಿಯಲ್ಲಿ ನಿರ್ದೇಶಿಸಿದ 'ಮೆಟ್ರೊಪೊಲಿಸ್' (1927) ಎಂಬ ಮೂಕಿಚಿತ್ರ. ಅದರಲ್ಲಿ ಕಾರ್ಮಿಕರ ವಾಸ ನೆಲದಡಿಯಲ್ಲಿ, ಒಡೆಯರ ವಾಸ ಮೇಲೆ. ಕಾರ್ಮಿಕರು ನಂಬಿದ ಮರಿಯಾ ಎಂಬ ಯುವತಿಯ ರೂಪವನ್ನು ಯಂತ್ರಮಾನವಿಗೆ ಕೊಟ್ಟು ಆ ನಂಬಿಕೆಯನ್ನು ಕೆಡಿಸಬೇಕೆಂದು ನಗರದ ಒಡೆಯನು ಅಪ್ಪಣೆ ಮಾಡುತ್ತಾನೆ. ಅದರ ಮಾತಿಗೆ ಮರುಳಾದ ಕಾರ್ಮಿಕರು ಯಂತ್ರಾಗಾರವನ್ನು ಹಾಳುಮಾಡಲು, ಅವರ ಮನೆಗಳಿಗೇ ನೀರು ನುಗ್ಗುತ್ತದೆ. ಕಡೆಗೆ ಬೆಂಕಿಯಲ್ಲಿ ಬೇಯುವುದು ಯಂತ್ರ. ಅಪ್ಪಣೆಯಿತ್ತವನಿಗೆ ದೊರೆಯುವುದು ಹಸ್ತಲಾಘವ.

ಎರಡನೆಯದು ಸ್ಟ್ಯಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ '2001: ಎ ಸ್ಪೇಸ್ ಒಡಿಸ್ಸಿ' (1968). ಗುರುಗ್ರಹದತ್ತ ಹೊರಟ ನೌಕೆಯನ್ನು ನೋಡಿಕೊಳ್ಳುವ ಹಾಲ್ 9000 ಎಂಬ ಗಣಕಯಂತ್ರವು ಐವರು ಯಾತ್ರಿಕರಲ್ಲಿ ನಾಲ್ವರನ್ನು ಕೊಲ್ಲುತ್ತದೆ. ಏಕೆ? ಯಾತ್ರೆಯ ನಿಜವಾದ ಉದ್ದೇಶವನ್ನು ಎಚ್ಚರವಾಗಿದ್ದ ಇಬ್ಬರಿಂದ ಮುಚ್ಚಿಟ್ಟು ಯಂತ್ರಕ್ಕೆ ಮಾತ್ರ ತಿಳಿಸಲಾಗಿತ್ತು. ಸತ್ಯವನ್ನೇ ಹೇಳಲು ನಿರ್ಮಿತವಾದ ಯಂತ್ರಕ್ಕೆ ಸುಳ್ಳು ಹೇಳೆಂದು ಆಜ್ಞಾಪಿಸಿದ್ದೇ ಕೇಡಿಗೆ ಕಾರಣವೆಂದು ಇದರ ಮುಂದಿನ ಕಥೆಯಾದ, 1984ರಲ್ಲಿ ತೆರೆಕಂಡ ಚಿತ್ರವು ಸ್ಪಷ್ಟಪಡಿಸುತ್ತದೆ.

ಮೂರನೆಯದು ಶಂಕರ್ ನಿರ್ದೇಶಿಸಿದ ತಮಿಳಿನ 'ಎಂದಿರನ್' (2010). ರಜನೀಕಾಂತರು ಅಭಿನಯಿಸಿದ ಚಿಟ್ಟಿ ಎಂಬ ಯಂತ್ರಮಾನವನು ಪೂರ್ಣ ರಾಕ್ಷಸನಾಗುವುದು ಬೋರಾ ಎಂಬ ವಿಜ್ಞಾನಿಯು ಅವನಲ್ಲಿ ಕೆಂಪು ಚಿಪ್ಪನ್ನು ಅಳವಡಿಸಿದ ಮೇಲೆಯೇ. ನ್ಯಾಯಾಲಯದಲ್ಲಿ ಈ ಸಂಗತಿ ಬಯಲಾದರೂ ಕಳಚಿಹಾಕಲ್ಪಡುವವನು ಚಿಟ್ಟಿಯೇ.

ಇದನ್ನು ಬರೆಯುವಾಗ ನನ್ನ ತಾಯಿಯ ನೆನಪಾಗುತ್ತದೆ. ಕೂಲಿಯಿಂದ ಬೆರಳ ಗೆರೆಗಳು ಸವೆದುಹೋಗಿ, ಪಡಿತರದ ಅಂಗಡಿಯಲ್ಲಿ ಅವಳ ಬೆರಳಚ್ಚು ಒಮ್ಮೆ ಹೊಂದಲಿಲ್ಲ. "ಯಂತ್ರ ಒಪ್ಪುತ್ತಿಲ್ಲಮ್ಮ" ಎಂದರು. ಅವಳು ಬರಿಯ ಚೀಲವನ್ನು ಮಡಚಿಕೊಂಡು ಹಿಂದಿರುಗಿದಳು. ಅದು ಚಲಚ್ಚಿತ್ರದ ಬುದ್ಧಿವಂತ ಯಂತ್ರವೇನೂ ಆಗಿರಲಿಲ್ಲ. ಆದರೂ ಬೇರೆ ದಾರಿಯನ್ನು ತೋರಿಸದೆ ಕಳುಹಿಸಿದ ಮನುಷ್ಯನು ಯಂತ್ರದ ಹಿಂದೆ ಮರೆಯಾಗಿಬಿಟ್ಟನು. ತಾಯಿ ಬೈದದ್ದು ಯಂತ್ರವನ್ನೂ ಅಲ್ಲ, ಅವನನ್ನೂ ಅಲ್ಲ, ತನ್ನ ಬೆರಳುಗಳನ್ನು.

ಆದುದರಿಂದ ಇಂತಹ ಚಿತ್ರಗಳನ್ನು ನೋಡುವಾಗ 'ಯಂತ್ರವು ಏನು ಮಾಡಿತು?' ಎಂಬುದರೊಡನೆ 'ಮಾಡೆಂದವರು ಯಾರು?' ಎಂದೂ ಕೇಳಬೇಕು. ಇಂದು ಕೃತಕ ಬುದ್ಧಿಮತ್ತೆಯು ತೆರೆಯಿಂದಿಳಿದು ಕಚೇರಿಗಳಿಗೆ ಬಂದಿದೆ. ಸಹಪಾಠಿಗಳೇ, ನಮ್ಮಲ್ಲಿ ಕೆಲವರಾದರೂ ನಾಳೆ ಆ ಕಚೇರಿಗಳ ಮೇಜಿನ ಹಿಂದೆ ಕೂರುವವರು. ಅಂದು ನಮ್ಮೆದುರು ಬರಿಯ ಚೀಲ ಹಿಡಿದು ನಿಂತವರಿಗೆ 'ಯಂತ್ರ ಒಪ್ಪುತ್ತಿಲ್ಲ' ಎಂದಷ್ಟೇ ಹೇಳಿ ಕಳುಹಿಸದಿರೋಣ.