ಆನ್ ಆದರೆ ಸಾಲದು: ರ‍್ಯಾಮ್ ಹೆಚ್ಚಿಸಿದ ಮೇಲೆ ಲ್ಯಾಪ್‌ಟಾಪ್ ಕೈಕೊಟ್ಟರೆ

ನಮ್ಮಲ್ಲಿ ಹಲವರ ಮನೆಯಲ್ಲಿರುವುದು ಹಳೆಯ ಲ್ಯಾಪ್‌ಟಾಪ್. ಅದರಲ್ಲಿ 4 ಜಿಬಿ ರ‍್ಯಾಮ್ ಇರುತ್ತದೆ. ಟ್ಯಾಲಿ ತೆರೆದು, ಪಕ್ಕದಲ್ಲಿ ಒಂದು ಪಿಡಿಎಫ್ ತೆರೆದು, ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ಅದು ಏದುಸಿರು ಬಿಡತೊಡಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವುದಕ್ಕಿಂತ ರ‍್ಯಾಮ್ ಹೆಚ್ಚಿಸುವುದು ಅಗ್ಗ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ. ಆದರೆ ಹೊಸ ರ‍್ಯಾಮ್ ಹಾಕಿದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳು ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತವೆ. ಆಗ ಒಬ್ಬರು ವಿಂಡೋಸ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ವೈರಸ್ ಎನ್ನುತ್ತಾರೆ, ಮತ್ತೊಬ್ಬರು ಮದರ್‌ಬೋರ್ಡ್ ಎನ್ನುತ್ತಾರೆ. ಯಾರ ಮಾತು ಸರಿ ಎಂದು ನಾವೇ ಮನೆಯಲ್ಲಿ ಕಂಡುಹಿಡಿಯುವುದು ಹೇಗೆ ಎಂಬುದೇ ಈ ಲೇಖನ. ನಮ್ಮ ಮನೆಯ ಲ್ಯಾಪ್‌ಟಾಪನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ರ‍್ಯಾಮ್‌ನೊಳಗೆ ಏನಿದೆ?

ನಾವು ಕೆಲಸ ಮಾಡುವಾಗ ತೆರೆದಿರುವುದೆಲ್ಲ ತಾತ್ಕಾಲಿಕವಾಗಿ ರ‍್ಯಾಮ್‌ನಲ್ಲಿ ಇರುತ್ತದೆ. 8 ಜಿಬಿ ರ‍್ಯಾಮ್‌ನಲ್ಲಿ ಸುಮಾರು 6,872 ಕೋಟಿ ಬಿಟ್‌ಗಳಿಗೆ ಜಾಗವಿದೆ. ಒಂದೊಂದು ಬಿಟ್‌ಗೂ ಒಂದು ಅತಿ ಸಣ್ಣ ಕೆಪಾಸಿಟರ್ ಇರುತ್ತದೆ. ಅದರಲ್ಲಿ ವಿದ್ಯುತ್ ಇದ್ದರೆ ಒಂದು ಅಂಕಿ, ಇಲ್ಲದಿದ್ದರೆ ಇನ್ನೊಂದು. ಈ ವಿದ್ಯುತ್ ಬೇಗ ಸೋರಿಹೋಗುವುದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬಲಾಗುತ್ತದೆ. ಇಷ್ಟು ಕೋಟಿಗಳಲ್ಲಿ ಒಂದೇ ಒಂದು ಜಾಗ ಕೆಟ್ಟಿದ್ದರೂ, ಅಲ್ಲಿ ಇಟ್ಟದ್ದು ಬದಲಾಗಿ ಹಿಂತಿರುಗಬಹುದು.

ಒಂದು ಬಿಟ್ ಬದಲಾದರೆ ಏನಾಗುತ್ತದೆ ಎಂದು ನಾವು ಲೆಕ್ಕ ಹಾಕಿ ನೋಡಬಹುದು. 5,000 ಎಂಬ ಸಂಖ್ಯೆ ದ್ವಿಮಾನ ಪದ್ಧತಿಯಲ್ಲಿ 1001110001000. ಇದು 4,096 + 512 + 256 + 128 + 8. ಮೊದಲನೆಯ 1 ಮಾತ್ರ 0 ಆಗಿಬಿಟ್ಟರೆ ಉಳಿಯುವುದು 904. ಅಂದರೆ 5,000 ರೂಪಾಯಿಯ ಜಾಗದಲ್ಲಿ 904 ರೂಪಾಯಿ!

ಕೆಟ್ಟ ಜಾಗದಲ್ಲಿ ವಿಂಡೋಸ್‌ನ ಮುಖ್ಯ ಭಾಗ ಇದ್ದರೆ ಲ್ಯಾಪ್‌ಟಾಪ್ ನಿಂತುಹೋಗುತ್ತದೆ. ಅಲ್ಲಿ ನಮ್ಮ ಫೈಲ್ ಇದ್ದರೆ ನಿಲ್ಲದೆಯೇ, ಸದ್ದಿಲ್ಲದೆ, ತಪ್ಪಾಗಿ ಸೇವ್ ಆಗಬಹುದು. ಹಾಗಾಗಿ ನೀಲಿ ಪರದೆ ಬಂದಾಗ ರಿಸ್ಟಾರ್ಟ್ ಮಾಡಿ ಮರೆತುಬಿಡುವುದು ಅಪಾಯ. ಸರ್ವರ್‌ಗಳಲ್ಲಿ ಇಸಿಸಿ ಎಂಬ ಬೇರೆ ಬಗೆಯ ರ‍್ಯಾಮ್ ಬಳಸುವುದು ಇದಕ್ಕಾಗಿಯೇ. ಅದು ಒಂದು ಬಿಟ್‌ನ ತಪ್ಪನ್ನು ತಾನೇ ಹಿಡಿದು ತಿದ್ದುತ್ತದೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಆ ಸೌಲಭ್ಯ ಇರುವುದಿಲ್ಲ.

ತಾಳೆಪಟ್ಟಿಯ ಪಾಠ

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನಾವು ಕಲಿತದ್ದು ನೆನಪಿದೆಯಲ್ಲ? ತಾಳೆಪಟ್ಟಿ ತಾಳೆಯಾಯಿತು ಎಂದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪೇ ಇಲ್ಲ ಎಂದು ಹೇಳಲಾಗದು. ಒಂದು ವ್ಯವಹಾರವನ್ನು ಪೂರ್ತಿ ಬಿಟ್ಟಿದ್ದರೂ, ತಪ್ಪು ಖಾತೆಗೆ ಹಾಕಿದ್ದರೂ ಎರಡೂ ಬದಿಯ ಮೊತ್ತ ಸರಿಹೊಂದುತ್ತದೆ.

ರ‍್ಯಾಮ್ ವಿಷಯವೂ ಹಾಗೆಯೇ. ಲ್ಯಾಪ್‌ಟಾಪ್ ಆನ್ ಆಯಿತು, ಸೆಟ್ಟಿಂಗ್ಸ್‌ನಲ್ಲಿ 12 ಜಿಬಿ ಎಂದು ತೋರಿಸಿತು ಎಂದರೆ ರ‍್ಯಾಮ್ ಗುರುತು ಸಿಕ್ಕಿದೆ ಎಂದಷ್ಟೇ ಅರ್ಥ. ಅದರ ಪ್ರತಿಯೊಂದು ಜಾಗವೂ ಸರಿಯಾಗಿದೆ ಎಂದಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಮುಚ್ಚಳ ತೆರೆಯುವ ಮೊದಲು

1. ಮುಖ್ಯ ಫೈಲ್‌ಗಳ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಹಳೆಯ ಪ್ರತಿ ಇದ್ದರೆ ಅದನ್ನು ಅಳಿಸಬೇಡಿ. ಹೊಸ ಪ್ರತಿಯಲ್ಲೇ ತಪ್ಪು ಸೇರಿರಬಹುದು.

2. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ ಬದಲಾವಣೆ ಮಾಡಿದಾಗ ಅದನ್ನು ಕೇಳಬಹುದು.

3. ನೀಲಿ ಪರದೆಯಲ್ಲಿ ಬರುವ ಸ್ಟಾಪ್ ಕೋಡ್‌ನ ಫೋಟೋ ತೆಗೆಯಿರಿ. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ಮತ್ತೊಮ್ಮೆ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್', ಹೀಗೆ ಬೇರೆಬೇರೆ ಕೋಡ್ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಹೆಚ್ಚು. ಪ್ರತಿ ಸಲವೂ ಒಂದೇ ಕೋಡ್, ಅದರ ಜೊತೆ ಒಂದೇ ಡ್ರೈವರ್ ಫೈಲ್‌ನ ಹೆಸರು ಬರುತ್ತಿದ್ದರೆ ಮೊದಲು ಆ ಡ್ರೈವರ್ ನೋಡಬೇಕು.

4. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಆಗ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತದೆ. ಸ್ಲೀಪ್ ಅಥವಾ ಹೈಬರ್ನೇಟ್‌ನಲ್ಲಿಟ್ಟು ರ‍್ಯಾಮ್ ಬದಲಿಸಬಾರದು.

5. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ತೆಗೆಯಿರಿ. ಒಳಗೇ ಇದ್ದರೆ ಅದರ ಕನೆಕ್ಟರ್ ಬಿಡಿಸಬೇಕು. ಅದು ಗೊತ್ತಿಲ್ಲದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ರ‍್ಯಾಮ್ ಅನ್ನು ಕೆಡಿಸಬಲ್ಲದು. ಆದ್ದರಿಂದ ಬಣ್ಣ ಬಳಿಯದ ಲೋಹದ ವಸ್ತುವನ್ನು ಮುಟ್ಟಿ ಕೆಲಸ ಶುರು ಮಾಡಿ. ರ‍್ಯಾಮ್‌ನ ಅಂಚು ಹಿಡಿಯಿರಿ, ಚಿನ್ನದ ಬಣ್ಣದ ಪಿನ್‌ಗಳನ್ನು ಮುಟ್ಟಬೇಡಿ.

ಜೋಡಿ ಸರಿಯಿದೆಯೇ?

ಲ್ಯಾಪ್‌ಟಾಪ್‌ನ ಡಿಡಿಆರ್3 ರ‍್ಯಾಮ್‌ಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಂಚಿನಲ್ಲಿರುವ ಕಚ್ಚು ಬೇರೆಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಬಲವಂತ ಮಾಡಬಾರದು. ಆದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಒಂದು ತೊಡಕಿದೆ. ಡಿಡಿಆರ್3 ಎಂಬುದಕ್ಕೆ 1.5 ವೋಲ್ಟ್ ಬೇಕು, ಡಿಡಿಆರ್3ಎಲ್ ಎಂಬುದಕ್ಕೆ 1.35 ವೋಲ್ಟ್ ಸಾಕು. ಎರಡೂ ಒಂದೇ ಸ್ಲಾಟ್‌ನಲ್ಲಿ ಕೂರುತ್ತವೆ. 1.35 ವೋಲ್ಟ್ ಮಾತ್ರ ಕೊಡುವ ಲ್ಯಾಪ್‌ಟಾಪ್‌ಗೆ 1.5 ವೋಲ್ಟ್‌ನ ರ‍್ಯಾಮ್ ಹಾಕಿದರೆ ಅದು ಆನ್ ಆಗದೆಯೂ ಇರಬಹುದು, ಆನ್ ಆಗಿ ಆಗಾಗ ನಿಲ್ಲಲೂಬಹುದು. ಅಂಗಡಿಯಲ್ಲಿ ಕೇಳುವಾಗ ಆ 'ಎಲ್' ಅಕ್ಷರ ಮರೆಯಬೇಡಿ.

ವೇಗ ಬೇರೆಯಾಗಿದ್ದರೆ, ಉದಾಹರಣೆಗೆ ಒಂದು 2400, ಇನ್ನೊಂದು 2666 ಇದ್ದರೆ, ಸಾಮಾನ್ಯವಾಗಿ ಎರಡೂ ಕಡಿಮೆ ವೇಗದಲ್ಲಿ ಓಡುತ್ತವೆ. ಅದೊಂದೇ ದೋಷವಲ್ಲ. ನಿಮ್ಮ ಮಾಡೆಲ್ ಗರಿಷ್ಠ ಎಷ್ಟು ಜಿಬಿ ತೆಗೆದುಕೊಳ್ಳುತ್ತದೆ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಎಲ್ಲ ಸರಿಯಿದ್ದರೆ ರ‍್ಯಾಮ್ ಅನ್ನು ಒಮ್ಮೆ ತೆಗೆದು ಮತ್ತೆ ಕೂರಿಸಿ. ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ 'ಟಕ್' ಎನ್ನಬೇಕು. ಎಷ್ಟೋ ಸಲ ಇಷ್ಟರಿಂದಲೇ ಸಮಸ್ಯೆ ಮುಗಿಯುತ್ತದೆ.

ಪರೀಕ್ಷೆ

ಸುಲಭದ್ದು: ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್' ಎಂದು ಹುಡುಕಿ. ಲ್ಯಾಪ್‌ಟಾಪ್ ರಿಸ್ಟಾರ್ಟ್ ಆಗಿ ಪರೀಕ್ಷೆ ಶುರುವಾಗುತ್ತದೆ. ಆಗ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿ ಎಫ್10 ಒತ್ತಿ.

ಇನ್ನೂ ಕಟ್ಟುನಿಟ್ಟಾದದ್ದು: ಮೆಮ್‌ಟೆಸ್ಟ್86. ಇದನ್ನು ಖಾಲಿ ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಆನ್ ಮಾಡಬೇಕು. ಆ ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಬ್ಯಾಕಪ್ ಇಟ್ಟ ಪೆನ್‌ಡ್ರೈವ್ ಬಳಸಬೇಡಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಪರೀಕ್ಷೆ ನಡೆಯುತ್ತದೆ, ಕೆಲವು ಗಂಟೆ ಹಿಡಿಯುತ್ತದೆ. ಇಶಾ ನಮಾಜ್ ಆದ ಮೇಲೆ ಚಾರ್ಜರ್ ಹಾಕಿ ಶುರು ಮಾಡಿದರೆ ಫಜ್ರ್ ಹೊತ್ತಿಗೆ ಫಲಿತಾಂಶ ನೋಡಬಹುದು. ಇಲ್ಲಿ ಕನಿಷ್ಠ ಪಾಸ್ ಮಾರ್ಕ್ ಎಂಬುದಿಲ್ಲ. ಒಂದೇ ಒಂದು ತಪ್ಪು ಬಂದರೂ ಫೇಲ್.

ಒಂದು ಸಲಕ್ಕೆ ಒಂದೇ ಬದಲಾವಣೆ

ನಮ್ಮ ಲ್ಯಾಪ್‌ಟಾಪ್‌ನಲ್ಲಿ ಅಬ್ಬಾ ಅವರ ಅಂಗಡಿಯ ಲೆಕ್ಕ ಇದೆ. ಆಪಾ ತಮ್ಮ ಬಿ.ಕಾಂ. ಪ್ರಾಜೆಕ್ಟ್ ಬರೆಯುವುದೂ ಅದರಲ್ಲೇ. 4 ಜಿಬಿ ಜೊತೆಗೆ 8 ಜಿಬಿ ರ‍್ಯಾಮ್ ಸೇರಿಸಿದ ಮೇಲೆ ಅದು ದಿನಕ್ಕೆ ಎರಡು ಮೂರು ಸಲ ನಿಲ್ಲತೊಡಗಿತು. ಬರೀ ಟ್ಯಾಲಿ ತೆರೆದಾಗ ನಿಲ್ಲುತ್ತಿರಲಿಲ್ಲ, ಹಲವು ಕೆಲಸ ಒಟ್ಟಿಗೆ ತೆರೆದಾಗ ನಿಲ್ಲುತ್ತಿತ್ತು. ರಿಪೇರಿಯವರೊಬ್ಬರು ತೆರೆದೂ ನೋಡದೆ, "ಮದರ್‌ಬೋರ್ಡ್ ಹೋಗಿದೆ, ಇದಕ್ಕೆ ದುಡ್ಡು ಹಾಕಬೇಡಿ, ಬೇರೆ ತಗೊಳ್ಳಿ" ಎಂದರು. ಅಬ್ಬಾ ಬೇರೆ ಲ್ಯಾಪ್‌ಟಾಪ್‌ಗೆ ಸಾಲ ಮಾಡುವ ಯೋಚನೆಯಲ್ಲಿದ್ದರು. ಅದಕ್ಕೆ ಮೊದಲು ಪರೀಕ್ಷೆ ಮಾಡೋಣ ಎಂದು ಆಪಾ ಮತ್ತು ನಾನು ಕುಳಿತೆವು.

ಅನುಮಾನ ಎರಡರ ಮೇಲೆ: ರ‍್ಯಾಮ್ ಅಥವಾ ಸ್ಲಾಟ್. ಎರಡು ರ‍್ಯಾಮ್, ಎರಡು ಸ್ಲಾಟ್, ಅಂದರೆ ನಾಲ್ಕು ಪರೀಕ್ಷೆ. ಪ್ರತಿ ಸಲ ಒಂದೇ ರ‍್ಯಾಮ್, ಒಂದೇ ಸ್ಲಾಟ್. ಫಲಿತಾಂಶವನ್ನು ನೋಟ್‌ಬುಕ್‌ನಲ್ಲಿ ಹೀಗೆ ಬರೆದೆವು:

ಹಳೆಯ ರ‍್ಯಾಮ್, ಸ್ಲಾಟ್ 1: ತಪ್ಪಿಲ್ಲ
ಹಳೆಯ ರ‍್ಯಾಮ್, ಸ್ಲಾಟ್ 2: ತಪ್ಪಿಲ್ಲ
ಹೊಸ ರ‍್ಯಾಮ್, ಸ್ಲಾಟ್ 1: ತಪ್ಪು ಇದೆ
ಹೊಸ ರ‍್ಯಾಮ್, ಸ್ಲಾಟ್ 2: ತಪ್ಪು ಇದೆ

ಹಳೆಯ ರ‍್ಯಾಮ್ ಎರಡೂ ಕಡೆ ಪಾಸಾಗಿದ್ದರಿಂದ ಸ್ಲಾಟ್‌ಗಳು ಸರಿಯಿವೆ. ಹೊಸದು ಎರಡೂ ಕಡೆ ಫೇಲಾಗಿದ್ದರಿಂದ ದೋಷ ಹೊಸ ರ‍್ಯಾಮ್‌ನದೇ. ಮದರ್‌ಬೋರ್ಡ್ ನಿರಪರಾಧಿ. ಹಲವು ಕೆಲಸ ತೆರೆದಾಗ ಮಾತ್ರ ನಿಲ್ಲುತ್ತಿದ್ದುದಕ್ಕೂ ಕಾರಣ ತಿಳಿಯಿತು. ರ‍್ಯಾಮ್ ತುಂಬುತ್ತ ಹೋದಂತೆ ಕೆಟ್ಟ ಜಾಗಕ್ಕೂ ಕೆಲಸ ಬೀಳುತ್ತಿತ್ತು.

ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ಐದಾರು ನಮೂದುಗಳನ್ನು ಒಟ್ಟಿಗೆ ತಿದ್ದಿದರೆ ಮೊತ್ತ ಹೊಂದಬಹುದು, ಆದರೆ ಮೂಲ ತಪ್ಪು ಯಾವುದು ಎಂದು ಗೊತ್ತಾಗುವುದಿಲ್ಲ. ಇಲ್ಲಿಯೂ ರ‍್ಯಾಮ್ ಬದಲಿಸಿ, ವಿಂಡೋಸ್ ಹೊಸದಾಗಿ ಹಾಕಿ, ಬಯೋಸ್ ಅಪ್‌ಡೇಟ್ ಮಾಡಿ ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಹೇಳಲಾಗದು. ಅಷ್ಟೇ ಅಲ್ಲ, ಕೆಟ್ಟ ರ‍್ಯಾಮ್ ಇರುವಾಗ ವಿಂಡೋಸ್ ಹಾಕಿದರೆ ಅದೂ ತಪ್ಪಾಗಿ ಕೂರಬಹುದು.

ಎಲ್ಲ ಪಾಸಾದರೆ?

ಎರಡೂ ಬಿಡಿಬಿಡಿಯಾಗಿ ಪಾಸಾಗಿ, ಒಟ್ಟಿಗೆ ಹಾಕಿದಾಗ ಫೇಲಾದರೆ ಆ ಜೋಡಿ ಹೊಂದುತ್ತಿಲ್ಲ. ಬಯೋಸ್ ಸೆಟ್ಟಿಂಗ್ಸ್ ಅನ್ನು ಡೀಫಾಲ್ಟ್‌ಗೆ ತಂದು ನೋಡಿ. ಆಗಲೂ ಹೋಗದಿದ್ದರೆ ತಯಾರಕರ ಬಯೋಸ್ ಅಪ್‌ಡೇಟ್, ಕೊನೆಗೆ ಒಂದೇ ಬಗೆಯ ಜೋಡಿ ರ‍್ಯಾಮ್. ಬಯೋಸ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಬಾರದು; ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ. ಮತ್ತು ರ‍್ಯಾಮ್ ಪರೀಕ್ಷೆಯಲ್ಲಿ ತಪ್ಪು ಬರುತ್ತಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ.

ಒಟ್ಟಿಗೂ ಪಾಸಾಗಿ, ಆದರೂ ಲ್ಯಾಪ್‌ಟಾಪ್ ನಿಲ್ಲುತ್ತಿದ್ದರೆ ಆಗ ಡ್ರೈವರ್, ಬಿಸಿ, ಡಿಸ್ಕ್ ಕಡೆ ನೋಡಬೇಕು. ಮುಚ್ಚಳ ತೆರೆದಾಗ ಫ್ಯಾನಿನ ಕೇಬಲ್ ಸಡಿಲವಾಗಿರಲೂಬಹುದು.

ಬಿಲ್ ಮತ್ತು ಪುರಾವೆ

ಗ್ರಾಹಕರ ಜವಾಬ್ದಾರಿಗಳಲ್ಲಿ ಬಿಲ್ ಕೇಳಿ ಪಡೆಯುವುದೂ ಒಂದು ಎಂದು ವ್ಯವಹಾರ ಅಧ್ಯಯನದಲ್ಲಿ ಓದುತ್ತೇವೆ. ನಮ್ಮ ಬಳಿ ಬಿಲ್ ಇತ್ತು, ಪರೀಕ್ಷೆಯ ಫೋಟೋ ಇತ್ತು, ನಾಲ್ಕು ಸಾಲಿನ ಪಟ್ಟಿಯೂ ಇತ್ತು. ಮಾರಿದವರು ಅದನ್ನು ನೋಡಿ ವಾದ ಮಾಡದೆ ಬೇರೆ ರ‍್ಯಾಮ್ ಕೊಟ್ಟರು. ಅದನ್ನೂ ರಾತ್ರಿಯಿಡೀ ಪರೀಕ್ಷಿಸಿದ ಮೇಲೆಯೇ ಕೆಲಸ ಶುರು ಮಾಡಿದೆವು.

ರ‍್ಯಾಮ್ ಬದಲಾದರೆ ಕೆಲಸ ಮುಗಿಯಲಿಲ್ಲ. ಕೆಟ್ಟ ರ‍್ಯಾಮ್ ಇದ್ದ ದಿನಗಳಲ್ಲಿ ಬರೆದ ಲೆಕ್ಕವನ್ನು ನಂಬುವುದು ಹೇಗೆ? ಆ ಹನ್ನೊಂದು ದಿನಗಳ ವೋಚರ್‌ಗಳನ್ನು ಅಬ್ಬಾ ಮತ್ತು ನಾನು ಕಾಗದದ ಬಿಲ್‌ಗಳ ಜೊತೆ ಒಂದೊಂದಾಗಿ ಹೋಲಿಸಿದೆವು. ಅಲ್‌ಹಮ್ದುಲಿಲ್ಲಾಹ್, ಅಂಕಿಗಳು ಸರಿಯಿದ್ದವು. ಆಪಾ ಅವರ ಪ್ರಾಜೆಕ್ಟಿನ ಒಂದು ಅಧ್ಯಾಯದ ಫೈಲ್ ಮಾತ್ರ ತೆರೆಯಲೇ ಇಲ್ಲ. ಪೆನ್‌ಡ್ರೈವ್‌ನಲ್ಲಿದ್ದ ಹಿಂದಿನ ಪ್ರತಿಯನ್ನು ತೆಗೆದುಕೊಂಡು ನಾಲ್ಕು ಪುಟ ಮತ್ತೆ ಟೈಪ್ ಮಾಡಿದರು. ಆ ಪ್ರತಿ ಇಲ್ಲದಿದ್ದರೆ ಇಡೀ ಅಧ್ಯಾಯ ಹೋಗುತ್ತಿತ್ತು.

ನಿಮಗೊಂದು ಅಭ್ಯಾಸ

1. ಹಳೆಯ ರ‍್ಯಾಮ್ ಸ್ಲಾಟ್ 1ರಲ್ಲಿ ಪಾಸ್, ಸ್ಲಾಟ್ 2ರಲ್ಲಿ ಫೇಲ್. ಹೊಸ ರ‍್ಯಾಮ್ ಕೂಡ ಸ್ಲಾಟ್ 1ರಲ್ಲಿ ಪಾಸ್, ಸ್ಲಾಟ್ 2ರಲ್ಲಿ ಫೇಲ್. ದೋಷ ಎಲ್ಲಿದೆ?

2. ಹೊಸ ರ‍್ಯಾಮ್ ಅನ್ನು ಸ್ಲಾಟ್ 2ರಲ್ಲಿ ಮಾತ್ರ ಪರೀಕ್ಷಿಸಿದ್ದಾರೆ, ಫೇಲ್ ಆಗಿದೆ. ರ‍್ಯಾಮ್ ಕೆಟ್ಟಿದೆ ಎಂದು ಹೇಳಬಹುದೇ?

ಉತ್ತರ: ಮೊದಲನೆಯದರಲ್ಲಿ ದೋಷ ಸ್ಲಾಟ್ 2ರಲ್ಲಿದೆ, ಸ್ಲಾಟ್ 1ರಲ್ಲಿ ಒಂದೇ ದೊಡ್ಡ ರ‍್ಯಾಮ್ ಹಾಕಿ ಆ ಲ್ಯಾಪ್‌ಟಾಪನ್ನು ಇನ್ನೂ ಬಳಸಬಹುದು. ಎರಡನೆಯದರಲ್ಲಿ ಹೇಳಲಾಗದು. ಹಳೆಯ ರ‍್ಯಾಮ್ ಅನ್ನು ಅದೇ ಸ್ಲಾಟ್‌ನಲ್ಲಿ, ಹೊಸದನ್ನು ಸ್ಲಾಟ್ 1ರಲ್ಲಿ ಪರೀಕ್ಷಿಸಿದ ಮೇಲೆಯೇ ತೀರ್ಪು.